ಅಡಿ ಹಸಿಯಾಗದ ಚೀನಿಕಾಯಿ ಪೈ

ನಮ್ಮಲ್ಲಿ ಚೀನಿಕಾಯಿಗೆ ಹೆಸರು ಜಾಸ್ತಿ. ಮನೆಯೊಳಗೆ ಚೀನಿಕಾಯಿ, ತುಳು ಮಾತಾಡುವ ನೆರೆಮನೆಯಲ್ಲಿ ಕೆಂಬುಡೆ, ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ತರಕಾರಿ ಅಂಗಡಿಯಲ್ಲಿ ಮತ್ತಂಗ, ಬೆಂಗಳೂರಿನಿಂದ ಬಂದವರ ಬಾಯಲ್ಲಿ ಸಿಹಿಗುಂಬಳ. ಹುಳಿ, ಪಲ್ಯ, ದೋಸೆ, ಮುಳ್ಕ, ಹಲ್ವ ಎಲ್ಲವೂ ಇದರಲ್ಲಿ ಆಗುತ್ತದೆ. ನಮ್ಮ ಅಡುಗೆಮನೆಗೆ ಹೊಸದು ಅಂದರೆ ಪೈ ಒಂದೇ.

ಕಳೆದ ವರ್ಷ ನಾದಿನಿ ಮಕ್ಕಳ ಜೊತೆ ಅಮೆರಿಕದಿಂದ ಊರಿಗೆ ಬಂದಿದ್ದಳು. ಅಲ್ಲಿ ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಆ ದಿನ ಚೀನಿಕಾಯಿ ಪೈ ಇಲ್ಲದಿದ್ದರೆ ಮಕ್ಕಳಿಗೆ ಹಬ್ಬವೇ ಅಲ್ಲ. ನಾನು ಮಾಡಿದೆ. ಮೇಲಿನಿಂದ ನೋಡಲು ಚಂದ ಬಂದಿತ್ತು. ಮೊಟ್ಟೆ ಹಾಕಿದ್ದರಿಂದ ಅತ್ತೆ ತಿನ್ನಲಿಲ್ಲ. ಆದರೆ ಒಂದು ತುಂಡನ್ನು ಕವುಚಿ ಹಾಕಿ, ಬೆರಳಿನಲ್ಲಿ ಒತ್ತಿ ನೋಡಿ, "ಅಡಿ ಹಸಿ ಉಂಟಲ್ಲ ಮಗಾ" ಎಂದರು. ಹೌದು, ಅಂಚು ಗರಿಗರಿ ಇತ್ತು. ಅಡಿ ಮಾತ್ರ ಅರ್ಧ ಬೆಂದ ಚಪಾತಿಯ ಹಾಗೆ ಬೆರಳಿಗೆ ಅಂಟುತ್ತಿತ್ತು. ಮಕ್ಕಳು ಮೇಲಿನದ್ದನ್ನು ಚಮಚದಲ್ಲಿ ತೆಗೆದು ತಿಂದು ಅಡಿಯನ್ನು ತಟ್ಟೆಯಲ್ಲೇ ಬಿಟ್ಟರು.

ಆಮೇಲೆ ಹಲವು ಸಲ ಮಾಡಿದೆ. ಬೆಣ್ಣೆ ಬದಲಿಸಿದೆ, ತಟ್ಟೆ ಬದಲಿಸಿದೆ, ಹೊತ್ತು ಹೆಚ್ಚಿಸಿ ನೋಡಿದೆ. ಕೊನೆಗೆ ಅರ್ಥವಾದದ್ದು ಇಷ್ಟು: ಪೈ ಮಾಡುವವರಿಗೆ ಬೇಕಾದದ್ದು ನೀರಿನ ಲೆಕ್ಕ. ಯಾವ ನೀರು ಎಲ್ಲಿಂದ ಬರುತ್ತದೆ, ಯಾವಾಗ ಹೋಗಬೇಕು ಅಂತ ಗೊತ್ತಾದರೆ ಉಳಿದದ್ದು ಕೈಗೆ ತಾನಾಗಿ ಬರುತ್ತದೆ.

ಪೈ ತಿನ್ನದವರಿಗೆ ಎರಡು ಮಾತು. ಮೈದಾ ಮತ್ತು ಬೆಣ್ಣೆಯ ಹಿಟ್ಟನ್ನು ಲಟ್ಟಿಸಿ, ಅಂಚು ಇರುವ ತಟ್ಟೆಯೊಳಗೆ ಬಟ್ಟಲಿನ ಹಾಗೆ ಹಾಸುತ್ತಾರೆ. ಅದು ಕ್ರಸ್ಟ್. ಅದರೊಳಗೆ ಬೇಯಿಸಿ ಅರೆದ ಚೀನಿಕಾಯಿ, ಮೊಟ್ಟೆ, ಹಾಲು, ಸಿಹಿ, ಮಸಾಲೆ ಕಲಸಿದ ಹೂರಣ ಹೊಯ್ದು ಓವನಿನಲ್ಲಿ ಇಡುತ್ತಾರೆ. ಮೇಲೆ ಮುಚ್ಚಳ ಇಲ್ಲ. ನಮ್ಮ ಕಡೆಯ ಬ್ಯಾರಿ, ಮಾಪಿಳ್ಳೆ ಮನೆಗಳ ಕಾಯ್‌ಪೋಳ ತಿಂದವರಿಗೆ ಒಳಗಿನ ಹದ ಸುಲಭವಾಗಿ ಗೊತ್ತಾಗುತ್ತದೆ. ಅಲ್ಲಿ ನೇಂದ್ರ ಹಣ್ಣನ್ನು ಮೊಟ್ಟೆ ಹಿಡಿದು ನಿಲ್ಲಿಸುತ್ತದೆ, ಇಲ್ಲಿ ಚೀನಿಕಾಯಿಯನ್ನು.

ತೊಂದರೆ ಇರುವುದು ಈ ಎರಡನ್ನು ಒಟ್ಟಿಗೆ ಬೇಯಿಸುವುದರಲ್ಲಿ. ಮೊಟ್ಟೆಯ ಹೂರಣ ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಗಟ್ಟಿಯಾಗುತ್ತದೆ. ಅದಕ್ಕಿಂತ ತುಂಬಾ ಮೇಲೆ ಹೋದರೆ ಮೊಟ್ಟೆ ಬಿಗಿದು, ನೀರು ಬಿಟ್ಟು, ಮೇಲೆ ಬಿರುಕು ಬೀಳುತ್ತದೆ. ಕ್ರಸ್ಟಿಗೆ ಆ ಶಾಖ ಏನೂ ಸಾಲದು. ಹಿಟ್ಟು ಕೆಂಪಾಗಿ ಪರಿಮಳ ಬರಬೇಕಾದರೆ ಅದರ ಮೈ 140 ಡಿಗ್ರಿ ದಾಟಬೇಕು. ಈಗ ಹಸಿ ಹಿಟ್ಟಿನ ಮೇಲೆ ನೀರು ನೀರಾದ ಹೂರಣ ಹೊಯ್ದರೆ ಏನಾಗುತ್ತದೆ? ನೀರು ಎಷ್ಟೇ ಬಿಸಿ ಮಾಡಿದರೂ 100 ಡಿಗ್ರಿಯಲ್ಲಿ ನಿಲ್ಲುತ್ತದೆ. ಅದಕ್ಕೆ ತಾಗಿಕೊಂಡ ಹಿಟ್ಟೂ ಅಲ್ಲೇ ನಿಲ್ಲುತ್ತದೆ. ಒದ್ದೆ ಇರುವ ತನಕ ಅದು ಕೆಂಪಾಗುವುದಿಲ್ಲ. ಮೈದಾದ ಗಂಜಿ ಮಾತ್ರ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ನನ್ನ ಮೊದಲ ಪೈಯ ಅಡಿಯಲ್ಲಿ ಇದ್ದದ್ದು ಆ ಅಂಟು. ಓವನಿನಲ್ಲಿ ಇನ್ನೂ ಅರ್ಧ ಗಂಟೆ ಇಟ್ಟಿದ್ದರೂ ಹೂರಣ ಹಾಳಾಗುತ್ತಿತ್ತು, ಅಡಿ ಹಾಗೇ ಇರುತ್ತಿತ್ತು.

ನಮ್ಮ ಅಡುಗೆಯವರಿಗೆ ಇದು ಮೊದಲಿಗೆ ಹೊಳೆಯದಿರುವುದಕ್ಕೆ ಕಾರಣ ಇದೆ ಅಂತ ನನಗೆ ಅನಿಸುತ್ತದೆ. ನಾವು ಹಬೆಯವರು. ಪುಂಡಿ, ಇಡ್ಲಿ, ಬಾಳೆಲೆಯಲ್ಲಿ ಮಡಚಿದ ಹಲಸಿನ ಹಣ್ಣಿನ ಕೊಟ್ಟಿಗೆ (ಕಡುಬು), ಎಲ್ಲದರಲ್ಲೂ ಹಬೆಯನ್ನು ಒಳಗೇ ಹಿಡಿದಿಡುವುದು ಕೆಲಸ. ಪೈಯಲ್ಲಿ ಹಬೆಯನ್ನು ಹೊರಗೆ ಕಳಿಸಬೇಕು. ನಮ್ಮ ಅಡುಗೆಗಳಲ್ಲಿ ಇದಕ್ಕೆ ಹತ್ತಿರದ್ದು ಕೆಂಡದಡ್ಯೆ ಅನ್ನುವ ತಿಂಡಿ. ಕೆಳಗೂ ಮೇಲೂ ಕೆಂಡ ಇಟ್ಟು ಬೇಯಿಸಿದಾಗ ಅಂಚಿನಲ್ಲಿ ಕೆಂಪಗಿನ ಗರಿ ಪದರ ಬರುತ್ತದಲ್ಲ, ಅದರ ರುಚಿ ನೆನಪಿಟ್ಟುಕೊಳ್ಳಿ. ಪೈಯ ಅಡಿಗೆ ಬೇಕಾದದ್ದು ಆ ಒಣ ಶಾಖ.

ಹಾಗಾಗಿ ದಾರಿ ಎರಡು. ಒಂದು, ಹೂರಣದ ನೀರನ್ನು ಮೊದಲೇ ಇಳಿಸುವುದು. ಇನ್ನೊಂದು, ಹೂರಣ ಹೊಯ್ಯುವ ಮೊದಲೇ ಕ್ರಸ್ಟನ್ನು ಬೇಯಿಸಿ ಮುಗಿಸುವುದು. ಎರಡನ್ನೂ ಮಾಡಬೇಕು.

ಮೊದಲು ಚೀನಿಕಾಯಿ. ಈ ಬಳ್ಳಿ ಮೂಲದಲ್ಲಿ ಅಮೆರಿಕ ಖಂಡದ್ದು. ಮೆಕ್ಸಿಕೋದಲ್ಲಿ ಸುಮಾರು 10,000 ವರ್ಷಗಳ ಹಿಂದೆಯೇ ಇದರ ಕುಲದ ಕಾಯಿ ಬೆಳೆಸುತ್ತಿದ್ದರು ಅನ್ನುವುದಕ್ಕೆ ಗುಹೆಯಲ್ಲಿ ಸಿಕ್ಕಿದ ಬೀಜಗಳೇ ಸಾಕ್ಷಿ. ಕ್ರಸ್ಟಿನೊಳಗೆ ಚೀನಿಕಾಯಿ ಹೂರಣ ಹಾಕಿ ಬೇಯಿಸುವ ಕ್ರಮ 1796ರಲ್ಲಿ ಅಮೆರಿಕದಲ್ಲಿ ಅಚ್ಚಾದ ಅಡುಗೆ ಪುಸ್ತಕದಲ್ಲೇ ಇದೆ. ಈಗ ಅಲ್ಲಿ ಹೆಚ್ಚಿನವರು ಡಬ್ಬಿಯಲ್ಲಿ ಬರುವ, ಬೇಯಿಸಿ ಅರೆದ ಚೀನಿಕಾಯಿಯನ್ನೇ ಬಳಸುತ್ತಾರೆ. ಒಂದು ಡಬ್ಬಿಯಲ್ಲಿ 425 ಗ್ರಾಂ. ಅಲ್ಲಿ ಹೆಸರಾದ ಲಿಬ್ಬೀಸ್ ಕಂಪನಿಯ ಡಬ್ಬಿಯೊಳಗೆ ಇರುವುದು ಡಿಕಿನ್ಸನ್ ಅನ್ನುವ ತಳಿ. ಅದು ಹ್ಯಾಲೋವೀನ್ ಹಬ್ಬದಲ್ಲಿ ಒಳಗೆ ದೀಪ ಇಡುವ ಕಿತ್ತಳೆ ಬಣ್ಣದ ಕಾಯಿ ಅಲ್ಲವೇ ಅಲ್ಲ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ಕುಕುರ್ಬಿಟಾ ಮೊಸ್ಕಾಟಾ. ನಮ್ಮ ಹಿತ್ತಿಲಲ್ಲಿ ಹಬ್ಬುವ ಚೀನಿಕಾಯಿ ಹೆಚ್ಚಾಗಿ ಇದೇ ಜಾತಿಯದ್ದು. ಇದು ಗೊತ್ತಾದ ದಿನ ನನಗೆ ಆದ ಖುಷಿ ಹೇಳತೀರದು. ಡಬ್ಬಿ ಹುಡುಕಿಕೊಂಡು ಮಂಗಳೂರಿಗೆ ಹೋಗಬೇಕಾಗಿಲ್ಲ, ಅಟ್ಟದಲ್ಲಿ ಇಟ್ಟ ಕಾಯಿಯೇ ಸಾಕು.

ಆದರೆ ಕಾಯಿ ಬಲಿತಿರಬೇಕು. ಉಗುರು ಇಳಿಯದಷ್ಟು ಗಟ್ಟಿ ಸಿಪ್ಪೆ, ಒಣಗಿದ ತೊಟ್ಟು, ಒಳಗೆ ದಟ್ಟ ಹಳದಿ. ಎಳೆಯ ಕಾಯಿ ಪಲ್ಯಕ್ಕೆ ಸರಿ, ಪೈಗೆ ಆಗದು. ಬಲಿತದ್ದರಲ್ಲೂ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಸಿಪ್ಪೆ, ಬೀಜದ ತಿರುಳು ತೆಗೆದ 700 ಗ್ರಾಂ ಹೋಳಿನಲ್ಲಿ ಸುಮಾರು 630 ಗ್ರಾಂ ನೀರು ಇರುತ್ತದೆ. ಇದನ್ನು ಕುಕ್ಕರಿನಲ್ಲಿ ನೀರು ಹಾಕಿ ಬೇಯಿಸಬೇಡಿ. ಆವಿಯಲ್ಲಿ ಬೇಯಿಸಿ, ಬಸಿದು, ನುಣ್ಣಗೆ ಅರೆದು, ದಪ್ಪ ತಳದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಮಗುಚಿ. ಹಲ್ವ ಕಾಯಿಸಿದ ಹಾಗೆಯೇ. ಮೊದಲು ಕೊತಕೊತ ಕುದಿದು ಕೈಗೆ ಸಿಡಿಯುತ್ತದೆ, ಉದ್ದ ಕೈಯ ಸಟ್ಟುಗ ಹಿಡಿಯಿರಿ. ಆಮೇಲೆ ಸದ್ದು ಇಳಿಯುತ್ತದೆ, ಬಣ್ಣ ಗಾಢವಾಗುತ್ತದೆ. ಸಟ್ಟುಗದಲ್ಲಿ ಗೀರಿದರೆ ಬಾಣಲೆಯ ತಳ ಒಂದು ಕ್ಷಣ ಕಾಣಬೇಕು. ಅಷ್ಟಾದಾಗ ತೂಕ ಮಾಡಿ ನೋಡಿ. 400 ಗ್ರಾಂ ಹತ್ತಿರ ಬಂದಿದ್ದರೆ, 300 ಗ್ರಾಂ ನೀರು ಹೋಗಿದೆ ಅಂತ ಅರ್ಥ. ಒಂದೂವರೆ ಲೋಟ ನೀರು! ಮೊದಲ ಸಲ ನಾನು ಆ ನೀರನ್ನೆಲ್ಲ ಕ್ರಸ್ಟಿನ ಮೇಲೆ ಹೊಯ್ದಿದ್ದೆ.

130 ಗ್ರಾಂ ಬೆಲ್ಲವನ್ನು ಇದೇ ಬಾಣಲೆಗೆ ಪುಡಿ ಮಾಡಿ ಹಾಕಿ. ಬೆಲ್ಲ ಕರಗುವಾಗ ಮತ್ತೆ ಸ್ವಲ್ಪ ತೆಳ್ಳಗಾಗುತ್ತದೆ, ಅದೂ ಆರುವವರೆಗೆ ಮಗುಚಿ. ಒಂದು ಚಮಚ ದಾಲ್ಚಿನ್ನಿ ಹುಡಿ, ಅರ್ಧ ಚಮಚ ಶುಂಠಿ ಹುಡಿ, ಜಾಯಿಕಾಯಿ ಮತ್ತು ಲವಂಗ ಚಿಟಿಕೆ ಚಿಟಿಕೆ. ಏಲಕ್ಕಿ ಹಾಕುವ ಆಸೆ ನನಗೂ ಆಗುತ್ತದೆ. ಹಾಕಿದರೆ ಹಲ್ವದ ಪರಿಮಳ ಬರುತ್ತದೆ, ಪೈಯದ್ದು ಹೋಗುತ್ತದೆ.

ಈಗ ಕ್ರಸ್ಟ್. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡೋಣ. 23 ಸೆಂಟಿಮೀಟರ್ ಅಗಲದ ತಟ್ಟೆಗೆ 160 ಗ್ರಾಂ ಮೈದಾ, 100 ಗ್ರಾಂ ಬೆಣ್ಣೆ, ಒಂದು ಚಮಚ ಸಕ್ಕರೆ, ಮೂರು ದೊಡ್ಡ ಚಮಚ ಐಸ್ ನೀರು. ಅಂಗಡಿಯ ಉಪ್ಪು ಬೆಣ್ಣೆ ಆದರೆ ಬೇರೆ ಉಪ್ಪು ಬೇಡ.

ಪರೋಟ ಮಾಡುವವರನ್ನು ನೋಡಿದ್ದೀರಲ್ಲ? ಕುಂಬಳೆಯಿಂದ ಹೊಸಂಗಡಿವರೆಗೆ ಯಾವ ಹೋಟೆಲಿನ ಎದುರು ನಿಂತರೂ ಕಾಣುತ್ತದೆ. ಮೈದಾವನ್ನು ನಾದಿ, ಎಣ್ಣೆಯಲ್ಲಿ ನೆನೆಸಿ, ಕಲ್ಲಿನ ಮೇಲೆ ಬೀಸಿ ಹೊಡೆದು ಬಟ್ಟೆಯ ಹಾಗೆ ತೆಳ್ಳಗೆ ಎಳೆಯುತ್ತಾರೆ. ಮೈದಾದೊಳಗಿನ ಪ್ರೋಟೀನು ನೀರಿನ ಜೊತೆ ಸೇರಿ, ನಾದಿದಷ್ಟೂ ರಬ್ಬರಿನ ಹಾಗೆ ಬಲೆ ಕಟ್ಟುತ್ತದೆ. ಅದರ ಹೆಸರು ಗ್ಲೂಟೆನ್. ಪರೋಟಕ್ಕೆ ಅದು ಪ್ರಾಣ. ಪೈಗೆ ಅದು ಆದಷ್ಟು ಕಡಿಮೆ ಬೇಕು. ಅದಕ್ಕೇ ನೀರು ಕಡಿಮೆ, ನಾದುವುದಂತೂ ಇಲ್ಲವೇ ಇಲ್ಲ. ತಣ್ಣಗಿನ ಬೆಣ್ಣೆಯನ್ನು ಚಿಕ್ಕ ತುಂಡು ಮಾಡಿ ಮೈದಾದಲ್ಲಿ ಬೆರಳ ತುದಿಯಿಂದ ಉಜ್ಜಿ. ಕೆಲವು ತುಂಡು ತೊಗರಿ ಕಾಳಿನಷ್ಟು ದೊಡ್ಡದಾಗಿ ಉಳಿಯಲಿ. ಆಮೇಲೆ ನೀರು ಚಿಮುಕಿಸಿ, ಮುಷ್ಟಿಯಲ್ಲಿ ಒತ್ತಿದರೆ ಒಟ್ಟಾಗುವಷ್ಟಕ್ಕೆ ನಿಲ್ಲಿಸಿ.

ಆ ಬೆಣ್ಣೆ ತುಂಡುಗಳು ಯಾಕೆ ಹಾಗೇ ಉಳಿಯಬೇಕು? ಬೆಣ್ಣೆಯಲ್ಲಿ ನೂರಕ್ಕೆ 80 ಪಾಲು ಕೊಬ್ಬು, ಉಳಿದದ್ದರಲ್ಲಿ ಹೆಚ್ಚಿನದ್ದು ನೀರು. ಬಿಸಿ ಓವನಿನಲ್ಲಿ ತುಂಡು ಕರಗಿದ ಜಾಗ ಖಾಲಿಯಾಗುತ್ತದೆ, ಅದರ ನೀರು ಹಬೆಯಾಗಿ ಹಿಟ್ಟನ್ನು ಪದರ ಪದರವಾಗಿ ಎತ್ತುತ್ತದೆ. ತುಪ್ಪದಲ್ಲಿ ಈ ನೀರು ಇಲ್ಲ. ಅದರಲ್ಲಿ ಮಾಡಿದ ಕ್ರಸ್ಟ್ ನಾನ್‌ಖಟಾಯಿಯ ಹಾಗೆ ಪುಡಿ ಪುಡಿಯಾಗುತ್ತದೆ. ರುಚಿ ಇದೆ, ಪದರ ಇಲ್ಲ. ತೆಂಗಿನೆಣ್ಣೆಯಲ್ಲೂ ಮಾಡಿ ನೋಡಿದೆ. ತೆಂಗಿನ ಊರಿನಲ್ಲಿ ಕುಳಿತು ಮಾಡದಿದ್ದರೆ ಹೇಗೆ, ಅಲ್ವಾ? ಆದರೆ ಅದು 24 ಡಿಗ್ರಿಗೇ ಕರಗುತ್ತದೆ. ಫ್ರಿಜ್ಜಿನಿಂದ ತೆಗೆದಾಗ ಕಲ್ಲು, ಕೈಗೆ ಬಂದಾಗ ನೀರು. ನಡುವಿನ ಹದ ಸಿಗುವುದೇ ಇಲ್ಲ.

ಬೆಣ್ಣೆಯದ್ದೂ ಇದೇ ಕಷ್ಟ, ಸ್ವಲ್ಪ ಕಡಿಮೆ. ಅದು 32ರಿಂದ 35 ಡಿಗ್ರಿಯ ಒಳಗೆ ಪೂರ್ತಿ ಕರಗುತ್ತದೆ, ಮೆತ್ತಗಾಗುವುದು ಅದಕ್ಕಿಂತ ಎಷ್ಟೋ ಮೊದಲು. ಕರಾವಳಿಯ ಮಧ್ಯಾಹ್ನ ಅಡುಗೆಮನೆಯೇ ಅಷ್ಟು ಬಿಸಿ ಇರುತ್ತದೆ. ಆದ್ದರಿಂದ ಬೆಳಗ್ಗೆ ಬೇಗ ಕೂತುಕೊಳ್ಳಿ. ಮೈದಾವನ್ನೂ ಪಾತ್ರೆಯನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಟ್ಟಿರಿ. ಹಿಟ್ಟು ಬೆರಳಿಗೆ ಜಿಡ್ಡು ಜಿಡ್ಡು ಅನಿಸಿದರೆ ಕೆಲಸ ನಿಲ್ಲಿಸಿ ಮತ್ತೆ ತಣ್ಣಗೆ ಮಾಡಿ. ಇಲ್ಲಿ ಅವಸರ ಮಾಡಿದರೆ ಮುಂದೆ ಯಾವ ಉಪಾಯವೂ ನಡೆಯದು.

ಒಟ್ಟು ಮಾಡಿದ ಹಿಟ್ಟನ್ನು ಚಪ್ಪಟೆ ಮಾಡಿ, ಮುಚ್ಚಿ, ಒಂದು ಗಂಟೆ ಫ್ರಿಜ್ಜಿನಲ್ಲಿ ಬಿಡಿ. ಬೆಣ್ಣೆ ಗಟ್ಟಿಯಾಗುತ್ತದೆ, ಅಷ್ಟಿಷ್ಟು ಕಟ್ಟಿದ ಗ್ಲೂಟೆನ್ ಸಡಿಲಾಗುತ್ತದೆ. ಮೂರು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ತಟ್ಟೆಯೊಳಗೆ ಇಳಿಸಿ. ಎಳೆಯಬೇಡಿ, ಮೆಲ್ಲಗೆ ಮೂಲೆಗೆ ಕೂರಿಸಿ. ಎಳೆದು ಕೂರಿಸಿದ ಹಿಟ್ಟು ಓವನಿನಲ್ಲಿ ಮೊದಲಿನ ಜಾಗಕ್ಕೇ ಹೋಗುತ್ತದೆ, ಬದಿ ಕುಸಿದು ಗೋಡೆ ಗಿಡ್ಡಾಗುತ್ತದೆ. ಫೋರ್ಕಿನಿಂದ ಅಡಿಗೆ ಅಲ್ಲಲ್ಲಿ ಚುಚ್ಚಿ, ಮತ್ತೆ ಅರ್ಧ ಗಂಟೆ ತಣ್ಣಗೆ ಇಡಿ.

ತಟ್ಟೆಯ ಬಗ್ಗೆ ಜಾಸ್ತಿ ಯೋಚನೆ ಬೇಡ. ಅಲ್ಯುಮಿನಿಯಂ ತಟ್ಟೆ ಶಾಖವನ್ನು ಬೇಗ ದಾಟಿಸುತ್ತದೆ, ಅದು ಒಳ್ಳೆಯದು. ಗಾಜಿನದ್ದಾದರೆ ಅಡಿಯ ಬಣ್ಣ ಹೊರಗಿನಿಂದಲೇ ಕಾಣುತ್ತದೆ. ಆದರೆ ಫ್ರಿಜ್ಜಿನಿಂದ ತೆಗೆದ ಗಾಜನ್ನು ಕಾದ ತಟ್ಟೆಯ ಮೇಲೆ ಇಟ್ಟರೆ ಒಡೆಯಬಹುದು, ಅದನ್ನು ಮಾಡಲೇಬೇಡಿ. ಪಿಂಗಾಣಿ ನಿಧಾನ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಹೂರಣ ಇಲ್ಲದೆ ಬರೀ ಕ್ರಸ್ಟನ್ನು ಬೇಯಿಸುವುದು. ಬರಿದಾಗಿ ಇಟ್ಟರೆ ಅಡಿ ಪೂರಿಯ ಹಾಗೆ ಉಬ್ಬುತ್ತದೆ, ಬದಿ ಜಾರುತ್ತದೆ. ಅದಕ್ಕೆ ಭಾರ ಬೇಕು. ಹಿಟ್ಟಿನ ಮೇಲೆ ಬೇಕಿಂಗ್ ಪೇಪರ್ ಅಥವಾ ಅಲ್ಯುಮಿನಿಯಂ ಹಾಳೆ ಹಾಸಿ, ಅದರೊಳಗೆ ಬೆಳ್ತಿಗೆ ಅಕ್ಕಿ ತುಂಬಿ. ಅಡಿಗೆ ಮಾತ್ರ ಒಂದು ಮುಷ್ಟಿ ಹಾಕಿದರೆ ಸಾಲದು, ಅಂಚಿನವರೆಗೂ ತುಂಬಬೇಕು. ಬದಿಯನ್ನು ಹಿಡಿದು ನಿಲ್ಲಿಸುವುದು ಆ ಅಕ್ಕಿಯೇ. ಹೆಸರು ಕಾಳೂ ಆಗುತ್ತದೆ. ಒಮ್ಮೆ ಹುರಿದ ಈ ಅಕ್ಕಿ ಅನ್ನಕ್ಕೆ ಬಾರದು. ನಾನು ಒಂದು ಭರಣಿಯಲ್ಲಿ ಬೇರೆ ಇಟ್ಟಿದ್ದೇನೆ, ಪ್ರತಿ ಸಲ ಅದನ್ನೇ ಬಳಸುತ್ತೇನೆ.

ಓವನನ್ನು 200 ಡಿಗ್ರಿಗೆ ಕಾಯಿಸಿ. ಖಾಲಿ ಟ್ರೇಯನ್ನು ಕೆಳಗಿನ ಹಂತದಲ್ಲಿ ಒಳಗೇ ಬಿಟ್ಟಿರಿ, ಅದೂ ಕಾಯಲಿ. ಲೋಹದ ತಟ್ಟೆಯನ್ನು ಅದರ ಮೇಲೆ ಇಟ್ಟ ಕೂಡಲೇ ಅಡಿಗೆ ಶಾಖ ತಾಗುತ್ತದೆ, ಕಾದ ಕಾವಲಿಗೆ ದೋಸೆ ಹೊಯ್ದ ಹಾಗೆ. ಅಕ್ಕಿಯ ಜೊತೆ 20ರಿಂದ 25 ನಿಮಿಷ. ಅಂಚು ನಸುಗೆಂಪಾದಾಗ ಹಾಳೆಯನ್ನು ಅಕ್ಕಿ ಸಮೇತ ಎತ್ತಿ ತೆಗೆಯಿರಿ. ಈಗ ಅಡಿಯನ್ನು ನೋಡಿ. ಬಿಳಿಚಿಕೊಂಡು, ಜಿಡ್ಡಿನ ಹೊಳಪು ಇರುತ್ತದೆ. ತುಂಬಾ ಜನ ಇಲ್ಲೇ ಹೂರಣ ಹೊಯ್ಯುತ್ತಾರೆ. ದಯವಿಟ್ಟು ಹೊಯ್ಯಬೇಡಿ. ಅಕ್ಕಿಯ ಕೆಳಗಿನ ಹಬೆಗೆ ಹೊರಗೆ ಹೋಗಲು ದಾರಿ ಇರಲಿಲ್ಲ, ಈಗಷ್ಟೇ ದಾರಿ ಸಿಕ್ಕಿದೆ. ಬರೀ ಕ್ರಸ್ಟನ್ನು ಇನ್ನೂ 10–12 ನಿಮಿಷ ಒಳಗಿಡಿ. ಹೊಳಪು ಹೋಗಿ ಮಂಕಾಗಬೇಕು, ಆಮೇಲೆ ತಿಳಿಗೆಂಪಾಗಬೇಕು. ಉಗುರಿನಿಂದ ತಟ್ಟಿದರೆ ಹಪ್ಪಳದ ಹಾಗೆ ಒಣ ಸದ್ದು ಬರಬೇಕು. ಕೊನೆಗೆ ಕಲಡಿದ ಮೊಟ್ಟೆಯ ಬಿಳಿಯನ್ನು ತೆಳ್ಳಗೆ ಸವರಿ ಎರಡು ನಿಮಿಷ ಒಳಗಿಟ್ಟರೆ ಚುಚ್ಚಿದ ತೂತು ಮುಚ್ಚಿ ಒಂದು ಪೊರೆ ಆಗುತ್ತದೆ. ಅದು ಸಣ್ಣ ಸಹಾಯ ಅಷ್ಟೇ. ಬೇಯದ ಅಡಿಯನ್ನು ಯಾವ ಪೊರೆಯೂ ಕಾಪಾಡದು.

ಮೇಲೆ ಹೇಳಿದ ನಿಮಿಷಗಳನ್ನು ಗಡಿಯಾರ ನೋಡಿ ನಂಬಬೇಡಿ, ಬಣ್ಣ ನೋಡಿ ನಂಬಿ. ಸಂಜೆ ವೋಲ್ಟೇಜ್ ಇಳಿಯುವ ಊರುಗಳಲ್ಲಿ ಇದು ಇನ್ನೂ ನಿಜ. 230 ವೋಲ್ಟ್ ಬರಬೇಕಾದಲ್ಲಿ 200 ಬಂದರೆ ಓವನಿನ ಕಂಬಿ ಕೊಡುವ ಶಾಖ ಸುಮಾರು ಕಾಲು ಪಾಲು ಕಡಿಮೆಯಾಗುತ್ತದೆ. ತಿರುಗಿಸುವ ಗುಂಡಿಯ ಮೇಲೆ ಬರೆದ ಡಿಗ್ರಿಯೂ ಎಷ್ಟೋ ಓವನ್‌ಗಳಲ್ಲಿ ಸರಿ ಇರುವುದಿಲ್ಲ. ಒಳಗೆ ಇಡುವ ಸಣ್ಣ ಥರ್ಮಾಮೀಟರ್ ಒಂದನ್ನು ತಂದುಕೊಳ್ಳಿ.

ಕ್ರಸ್ಟ್ ಬೇಯುವಾಗಲೇ ಹೂರಣ ಸಿದ್ಧವಾಗಿರಲಿ. ಅಲ್ಲಿಯವರು ಡಬ್ಬಿಯ ಗಟ್ಟಿ ಹಾಲು ಹಾಕುತ್ತಾರೆ. ನಾನು ತೆಂಗಿನಕಾಯಿಯ ಮೊದಲ ಹಾಲು 250 ಮಿಲಿಲೀಟರ್ ಹಾಕುತ್ತೇನೆ. ಬೆಲ್ಲಕ್ಕೆ ಅದೇ ಜೋಡಿ. ಎರಡನೇ ಸಲ ಹಿಂಡಿದ ತೆಳು ಹಾಲು ಬೇಡ, ಅದರಲ್ಲಿ ಇರುವುದು ಮತ್ತೆ ನೀರೇ. ಚೀನಿಕಾಯಿ ಬಿಸಿ ಇರುವಾಗ ಹಾಲು ಸೇರಿಸಿ, ಕೈ ಮುಟ್ಟುವಷ್ಟು ಬಿಸಿಗೆ ಇಳಿದ ಮೇಲೆ ಮೂರು ಮೊಟ್ಟೆ ಕಲಡಿ ಬೆರೆಸಿ. ಮೊದಲೇ ಹಾಕಿದರೆ ಮೊಟ್ಟೆ ಅಲ್ಲೇ ಬೆಂದು ಗಂಟಾಗುತ್ತದೆ. ನೊರೆ ಬರುವ ಹಾಗೆ ಬಡಿಯಬೇಡಿ. ಸೋಸಿದರೆ ಒಳ್ಳೆಯದು.

ಬಿಸಿ ಕ್ರಸ್ಟಿಗೆ ಬೆಚ್ಚಗಿನ ಹೂರಣ. ಇದರ ಲಾಭ ದೊಡ್ಡದು. ಫ್ರಿಜ್ಜಿನ ಹೂರಣ 80 ಡಿಗ್ರಿ ಮುಟ್ಟಲು ಒಂದು ಗಂಟೆಯ ಹತ್ತಿರ ಬೇಕು, ಅಷ್ಟು ಹೊತ್ತೂ ಅಡಿ ಒದ್ದೆಯಲ್ಲಿ ಕುಳಿತಿರುತ್ತದೆ. ಬೆಚ್ಚಗಿನದ್ದು ಬೇಗ ಮುಟ್ಟುತ್ತದೆ. ಶಾಖವನ್ನು 165 ಡಿಗ್ರಿಗೆ ಇಳಿಸಿ, 35ರಿಂದ 40 ನಿಮಿಷ. ಅಂಚು ಜಾಸ್ತಿ ಕೆಂಪಾದರೆ ಅಲ್ಯುಮಿನಿಯಂ ಹಾಳೆಯ ಪಟ್ಟಿ ಮುಚ್ಚಿ. ತಟ್ಟೆಯನ್ನು ಮೆಲ್ಲಗೆ ಅಲ್ಲಾಡಿಸಿದಾಗ ಸುತ್ತಲೂ ಗಟ್ಟಿ, ನಡುವೆ ಅಂಗೈಯಷ್ಟು ಜಾಗ ಮಾತ್ರ ಆಗಷ್ಟೇ ಹೊಯ್ದ ಮಣ್ಣಿಯ (ಮೆತ್ತನೆಯ ಹಲ್ವದ) ಹಾಗೆ ನಡುಗಬೇಕು. ಆಗ ತೆಗೆಯಿರಿ. ಒಳಗಿನ ಬಿಸಿಗೆ ನಡುವಿನದ್ದು ತಾನೇ ಗಟ್ಟಿಯಾಗುತ್ತದೆ. ನಡುವೂ ಬಿಗಿಯುವವರೆಗೆ ಕಾದರೆ ಆರುವಾಗ ಬಿರುಕು ಬೀಳುತ್ತದೆ.

ಮೊಟ್ಟೆ ತಿನ್ನದ ಮನೆಗಳು ನಮ್ಮಲ್ಲಿ ತುಂಬಾ. ಅವರಿಗೆ ಒಂದು ಸಂತೋಷದ ಸುದ್ದಿ ಇದೆ: ಗರಿಗರಿ ಅಡಿ ಅವರಿಗೇ ಸುಲಭ. ಮೊಟ್ಟೆಯ ಬದಲು ನಾಲ್ಕು ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ಸ್ವಲ್ಪ ತೆಂಗಿನ ಹಾಲಿನಲ್ಲಿ ಕದಡಿ, ಚೀನಿಕಾಯಿ, ಬೆಲ್ಲ, ಉಳಿದ ಹಾಲಿನ ಜೊತೆ ಒಲೆಯ ಮೇಲೆಯೇ ಕಾಯಿಸಬೇಕು. ಕಾರ್ನ್‌ಫ್ಲೋರಿನ ಗಂಜಿ ದಪ್ಪವಾಗಲು ಕುದಿ ಬರಲೇಬೇಕು. ಗುಳ್ಳೆ ಬಂದ ಮೇಲೆ ಎರಡು ನಿಮಿಷ ಬಿಡದೆ ಮಗುಚಿ. ಕೂವೆ ಹುಡಿ (ಆರಾರೂಟ್) ಇದ್ದರೆ ಅದನ್ನೂ ಬಳಸಬಹುದು, ಅದು ದಪ್ಪವಾದ ಕೂಡಲೇ ಇಳಿಸಬೇಕು. ಕ್ರಸ್ಟನ್ನು ಮಾತ್ರ ಬರಿದಾಗಿಯೇ ಇನ್ನೂ ಐದು ನಿಮಿಷ ಬಿಟ್ಟು ಪೂರ್ತಿ ಕೆಂಪು ಮಾಡಿ, ತಣಿಯಲು ಬಿಡಿ. ಮೊಟ್ಟೆಯ ಬಿಳಿಯ ಬದಲು ಕರಗಿಸಿದ ಬೆಣ್ಣೆ ಸವರಿ. ಹೂರಣ ಹೊಯ್ದ ಮೇಲೆ ಮತ್ತೆ ಓವನಿಗೆ ಹೋಗುವುದೇ ಇಲ್ಲ, ನೇರ ಫ್ರಿಜ್ಜಿಗೆ. ಹೂರಣ ಮತ್ತು ಹಿಟ್ಟು ಒಟ್ಟಿಗೆ ಬೇಯುವ ಕಷ್ಟವೇ ಇಲ್ಲಿಲ್ಲ. ನಾಲ್ಕು ಗಂಟೆಯಲ್ಲಿ ಚಾಕುವಿಗೆ ನಿಲ್ಲುತ್ತದೆ.

ಮೊಟ್ಟೆಯ ಪೈಯನ್ನು ಇಳಿಸಿದ ಮೇಲೂ ನೀರಿನ ಮೇಲೆ ಕಣ್ಣಿರಲಿ. ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟರೆ ತಟ್ಟೆಯ ಕೆಳಗೆ ಹಬೆ ಸಿಕ್ಕಿ ಅಡಿ ಮತ್ತೆ ಮೆತ್ತಗಾಗುತ್ತದೆ. ಕೆಳಗೆ ಗಾಳಿ ಆಡುವ ಕಂಬಿ ಜಾಲರಿಯ ಮೇಲೆ ಇಡಿ. ಬಿಸಿ ಇರುವಾಗ ಮುಚ್ಚಬೇಡಿ. ಎರಡು ಗಂಟೆ ಕಾದು ಕತ್ತರಿಸಿ. ಉಳಿದದ್ದನ್ನು ಫ್ರಿಜ್ಜಿಗೆ ಸೇರಿಸಿ, ನಮ್ಮ ಸೆಕೆಯಲ್ಲಿ ಮೊಟ್ಟೆ ಹಾಕಿದ್ದನ್ನು ಹೊರಗೆ ಬಿಡುವುದು ಸರಿಯಲ್ಲ. ಮಳೆಗಾಲದಲ್ಲಿ ಹುರಿದ ಹಪ್ಪಳ ಎಷ್ಟು ಬೇಗ ಮೆತ್ತಗಾಗುತ್ತದೆ ಅಂತ ಗೊತ್ತಲ್ಲ. ಕ್ರಸ್ಟೂ ಹಾಗೆಯೇ, ಮಾಡಿದ ದಿನದ ಗರಿ ಮಾರನೇ ದಿನ ಇರುವುದಿಲ್ಲ.

ಅದಕ್ಕೆ ಉಪಾಯ ಅತ್ತೆ ಕಂಡುಹಿಡಿದರು. ಮೊಟ್ಟೆ ಇಲ್ಲದ ಪೈಯ ತುಂಡು ಫ್ರಿಜ್ಜಿನಲ್ಲಿತ್ತು. ದೋಸೆ ಹೊಯ್ದು ಮುಗಿದ ಮೇಲೆ, ಕಾವಲಿ ಇನ್ನೂ ಬಿಸಿ ಇರುವಾಗ, ಅದನ್ನು ಹಾಗೇ ಕಾವಲಿಯ ಮೇಲೆ ಇಟ್ಟರು. ಸಣ್ಣ ಉರಿ, ಮೂರು ನಿಮಿಷ, ಮುಚ್ಚಳ ಇಲ್ಲ. ಮೇಲಿನ ಹೂರಣ ತಣ್ಣಗೇ ಇತ್ತು. ಅಡಿ ಮಾತ್ರ ಬಿಸಿಯಾಗಿ, ಒಣಗಿ, ಕಚ್ಚಿದಾಗ ಸದ್ದು ಬಂತು.